ಸೋಲೋ ಬಂದಾಗ ಗಿಟಾರ್ ಕೇಳಿಸದೆ ಹೋಗುವುದೇಕೆ?

ಪ್ರಶ್ನೆ: ನಮ್ಮದು ಡ್ರಮ್ಸ್, ಬೇಸ್ ಗಿಟಾರ್ ಮತ್ತು ಎರಡು ಎಲೆಕ್ಟ್ರಿಕ್ ಗಿಟಾರ್‌ಗಳಿರುವ ನಾಲ್ವರ ಬ್ಯಾಂಡ್. ನನ್ನ ಬಳಿ ಇರುವುದು 12 ಇಂಚಿನ ಒಂದೇ ಸ್ಪೀಕರ್‌ನ, 20 ವಾಟ್‌ನ ವಾಲ್ವ್ (ಗಾಜಿನ ಟ್ಯೂಬ್‌ಗಳ) ಆಂಪ್. ಗೇನ್ ನಾಬನ್ನು ಎಂಟರಲ್ಲೂ ಮಾಸ್ಟರನ್ನು ಐದರಲ್ಲೂ ಇಟ್ಟು ರಿದಂ ನುಡಿಸುತ್ತೇನೆ. ಸೋಲೋ ಬಂದಾಗ ಬೂಸ್ಟ್ ಪೆಡಲ್ ಒತ್ತಿದರೆ ದನಿ ಇನ್ನಷ್ಟು ಒರಟಾಗುತ್ತದೆ, ಆದರೆ ಜೋರಾಗುವುದಿಲ್ಲ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಚೆನ್ನಾಗಿ ಕೇಳುವ ಸೋಲೋ ರಿಹರ್ಸಲ್‌ನಲ್ಲಿ ಎಲ್ಲರ ನಡುವೆ ಮುಳುಗಿಹೋಗುತ್ತದೆ. ಗೇನ್ ಇನ್ನೂ ಏರಿಸಿದರೆ ಆಂಪ್ ಕೂಗತೊಡಗುತ್ತದೆ. ಒಬ್ಬರು 50 ವಾಟ್‌ನ ಆಂಪ್ ಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ವಾಲ್ವ್ ಬದಲಿಸಿ ಎನ್ನುತ್ತಾರೆ, ಮತ್ತೊಬ್ಬರು ಆಂಪ್ ಬಿಚ್ಚಿ ಒಂದು ರೆಸಿಸ್ಟರ್ ಬದಲಿಸಿಕೊಡುವುದಾಗಿ ಹೇಳುತ್ತಿದ್ದಾರೆ. ಆಂಪ್‌ನ ಹಿಂಬದಿಯಲ್ಲಿ ಎಫೆಕ್ಟ್ಸ್ ಲೂಪ್ ಇದೆ, ಈವರೆಗೆ ಬಳಸಿಲ್ಲ. ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಆಂಪ್‌ನಲ್ಲಾಗಲಿ ಪೆಡಲ್‌ನಲ್ಲಾಗಲಿ ದೋಷವಿದೆಯೆಂದು ನನಗೆ ಅನ್ನಿಸುವುದಿಲ್ಲ. ನೀವು ಬರೆದಿರುವ ಲಕ್ಷಣಗಳೆಲ್ಲ, ನೆಟ್ಟಗಿರುವ ಆಂಪ್ ಒಂದನ್ನು ಗೇನ್ ಎಂಟರಲ್ಲಿಟ್ಟು ನುಡಿಸಿದರೆ ಕಾಣಿಸಿಕೊಳ್ಳುವಂಥವೇ. ಬೂಸ್ಟ್ ಕೆಲಸ ಮಾಡುತ್ತಿಲ್ಲ ಎಂಬ ದೂರಿನೊಂದಿಗೆ ನನ್ನ ರಿಪೇರಿ ಮೇಜಿಗೆ ಬರುವ ಪೆಡಲ್‌ಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತವೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಪೆಡಲ್ ಒತ್ತಿದರೂ ದನಿ ಏರದಿರುವುದು ಮೊದಲನೆಯದು. ಅದರ ಕಾರಣ ಸರ್ಕ್ಯೂಟ್‌ನಲ್ಲಿದೆ. ಮನೆಯಲ್ಲಿ ಕೇಳುವ ಸೋಲೋ ಬ್ಯಾಂಡ್‌ನ ನಡುವೆ ಕೇಳದಿರುವುದು ಎರಡನೆಯದು. ಅದರ ಕಾರಣ ನಮ್ಮ ಕಿವಿಯಲ್ಲಿ ಮತ್ತು ಉಳಿದ ವಾದ್ಯಗಳಲ್ಲಿದೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಲು ಹೋದಾಗಲೇ ಹಣ ಪೋಲಾಗುವುದು.

ಮೊದಲು ಗೇನ್ ಮತ್ತು ವಾಲ್ಯೂಮ್ ಎಂಬ ಎರಡು ಮಾತುಗಳನ್ನು ಬಿಡಿಸಿಕೊಳ್ಳೋಣ. ಗೇನ್ ನಾಬ್ ಇರುವುದು ಪ್ರೀಆಂಪ್‌ನಲ್ಲಿ, ಅಂದರೆ ಆಂಪ್‌ನ ಮೊದಲ ಹಂತದಲ್ಲಿ. ಗಿಟಾರ್‌ನಿಂದ ಬಂದ ಸಣ್ಣ ಸಿಗ್ನಲ್ಲನ್ನು ಅದು ಎಷ್ಟು ಹಿಗ್ಗಿಸಬೇಕೆಂಬುದನ್ನು ನಿರ್ಧರಿಸುತ್ತದೆ. ಮಾಸ್ಟರ್ ಇರುವುದು ಅದರ ನಂತರ. ಹಾಗೆ ಹಿಗ್ಗಿದ ಸಿಗ್ನಲ್‌ನಲ್ಲಿ ಎಷ್ಟು ಪಾಲು ಪವರ್ ಆಂಪ್‌ಗೆ, ಅಂದರೆ ಸ್ಪೀಕರನ್ನು ನುಡಿಸುವ ಕೊನೆಯ ಹಂತಕ್ಕೆ, ಹೋಗಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ನನ್ನ ಮೇಜಿನ ಮೇಲೆ ಆಂಪ್‌ನ ಇನ್‌ಪುಟ್‌ಗೆ ಒಂದೇ ಸಮನಾದ ಸ್ವರ ಕೊಟ್ಟು, ಸ್ಪೀಕರ್‌ನ ಜಾಗದಲ್ಲಿ ಲೋಡ್ ಜೋಡಿಸಿ, ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್‌ನ ಪರದೆಯಲ್ಲಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಗೇನ್ ನಾಬ್ ಒಂದರಿಂದ ಮೂರಕ್ಕೆ ಹೋಗುವಾಗ ಅಲೆ ದುಂಡಗೆ ಬೆಳೆಯುತ್ತದೆ. ನಾಲ್ಕು ಐದರ ಹೊತ್ತಿಗೆ ಅದರ ನೆತ್ತಿ ಚಪ್ಪಟೆಯಾಗತೊಡಗುತ್ತದೆ, ಏಕೆಂದರೆ ವಾಲ್ವ್ ಕೊಡಬಲ್ಲ ವೋಲ್ಟೇಜ್ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಎಷ್ಟು ತಿರುಗಿಸಿದರೂ ಅಲೆಯ ಬದಿಗಳು ಗೋಡೆಯಂತೆ ನೆಟ್ಟಗಾಗುತ್ತವೆ, ಎತ್ತರ ಮಾತ್ರ ಅಷ್ಟೇ ಇರುತ್ತದೆ. ಬದಿಗಳು ನೆಟ್ಟಗಾಗುವುದನ್ನು ಕಿವಿ ಒರಟುತನವಾಗಿ, ಸ್ವರ ಬಹಳ ಹೊತ್ತು ನಿಲ್ಲುವುದಾಗಿ ಗುರುತಿಸುತ್ತದೆ. ಜೋರಾಗುವುದು ಎತ್ತರ ಹೆಚ್ಚಿದಾಗ.

ಗೇನ್ ಎಂಟರಲ್ಲಿರುವ ನಿಮ್ಮ ಪ್ರೀಆಂಪ್ ರಿದಂ ನುಡಿಸುವಾಗಲೇ ಈ ಮಿತಿಯನ್ನು ಮುಟ್ಟಿಬಿಟ್ಟಿದೆ. ಎಂ.ಎಕ್ಸ್.ಆರ್. ಮೈಕ್ರೋ ಆಂಪ್‌ನಂಥ ಬೂಸ್ಟ್ ಪೆಡಲ್ ಸಿಗ್ನಲ್ಲನ್ನು 26 ಡೆಸಿಬಲ್‌ವರೆಗೆ, ವೋಲ್ಟೇಜ್ ಲೆಕ್ಕದಲ್ಲಿ ಸುಮಾರು 20 ಪಟ್ಟು, ಏರಿಸಬಲ್ಲದು. ಆದರೂ ತುಂಬಿ ತುಳುಕುತ್ತಿರುವ ಕೊಡಕ್ಕೆ ಇನ್ನೊಂದು ಚೊಂಬು ಸುರಿದರೆ ನೆಲ ಒದ್ದೆಯಾಗುತ್ತದೆಯೇ ಹೊರತು ಕೊಡದ ನೀರು ಮೇಲೇರುವುದಿಲ್ಲ. ಅದೇ ಪೆಡಲ್ಲನ್ನು ಗೇನ್ ಮೂರರಲ್ಲಿಟ್ಟ ಆಂಪ್‌ನ ಮುಂದೆ ಇಟ್ಟು ನೋಡಿ; ಬೆಚ್ಚಿಬೀಳುವಷ್ಟು ಜೋರಾಗುತ್ತದೆ.

ಇನ್ನು 50 ವಾಟ್‌ನ ಸಲಹೆ. ಶಕ್ತಿ ಎರಡು ಪಟ್ಟಾದರೆ ಶಬ್ದದ ಮಟ್ಟ 3 ಡೆಸಿಬಲ್ ಏರುತ್ತದೆ; ಕಿವಿಗೆ ಎರಡರಷ್ಟು ಜೋರೆನ್ನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 20ರಿಂದ 50 ವಾಟ್‌ಗೆ ಹೋದರೆ ಸಿಗುವುದು ಸುಮಾರು 4 ಡೆಸಿಬಲ್. ಇದು ಕಡೆಗಣಿಸುವಷ್ಟು ಸಣ್ಣದಲ್ಲ. ಆದರೆ ಆ 4 ಡೆಸಿಬಲ್ ನಿಮ್ಮ ರಿದಂಗೂ ಸಿಗುತ್ತದೆ, ಸೋಲೋಗೂ ಸಿಗುತ್ತದೆ. ಎರಡರ ನಡುವಿನ ಅಂತರ ಮೊದಲು ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಸೋಲೋ ಕೇಳಿಸುವುದು ಈ ಅಂತರದಿಂದ. ಹೆಚ್ಚು ಸೆನ್ಸಿಟಿವಿಟಿ ಇರುವ, ಅಂದರೆ ಅಷ್ಟೇ ವಾಟ್‌ಗೆ ಹೆಚ್ಚು ಜೋರಾಗುವ, ಸ್ಪೀಕರ್ ಹಾಕುವ ಸಲಹೆಗೂ ಇದೇ ಮಾತು ಸಲ್ಲುತ್ತದೆ. 98 ಡೆಸಿಬಲ್‌ನ ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ತೆಗೆದು 100 ಡೆಸಿಬಲ್‌ನ ವಿಂಟೇಜ್ 30 ಹಾಕಿದರೆ ದನಿಯ ಸ್ವಭಾವ ಬದಲಾಗುತ್ತದೆ, ಒಟ್ಟಾರೆ ಜೋರೂ ಹೆಚ್ಚುತ್ತದೆ. ಸೋಲೋಗೆಂದು ಪ್ರತ್ಯೇಕವಾಗಿ ಏನೂ ಒದಗುವುದಿಲ್ಲ.

ಹಾಗಾದರೆ ಅಂತರ ಹುಟ್ಟಿಸುವುದು ಹೇಗೆ? ಎಲ್ಲಕ್ಕಿಂತ ಹಳೆಯ ದಾರಿ ಗಿಟಾರ್‌ನ ಮೇಲೇ ಇದೆ. ಗೇನನ್ನು ಎಂಟರಿಂದ ಐದಕ್ಕೋ ನಾಲ್ಕೂವರೆಗೋ ಇಳಿಸಿ, ಗಿಟಾರ್‌ನ ವಾಲ್ಯೂಮ್ ನಾಬನ್ನು ಆರು ಏಳರಲ್ಲಿಟ್ಟು ರಿದಂ ನುಡಿಸಿ, ಸೋಲೋಗೆ ಹತ್ತಕ್ಕೆ ತಿರುಗಿಸಿ. ಗೇನ್ ಇಳಿಸದೆ ಇದನ್ನು ಮಾಡಿದರೆ ಪ್ರಯೋಜನ ಕಡಿಮೆ, ಏಕೆಂದರೆ ಆಗ ಗಿಟಾರ್ ಇಳಿಸಿದರೂ ಆಂಪ್ ಇನ್ನೂ ಮಿತಿಯ ಹತ್ತಿರವೇ ಇರುತ್ತದೆ. ನಾಬ್ ಇಳಿಸಿದಾಗ ಟ್ರೆಬಲ್ ಮಂಕಾಗುವುದು ಈ ದಾರಿಯ ಕೊರತೆ. ವಾಲ್ಯೂಮ್ ಪಾಟ್‌ಗೆ (ನಾಬಿನ ಕೆಳಗಿರುವ, ತಿರುಗಿಸುವ ರೆಸಿಸ್ಟರ್‌ಗೆ) ಅಡ್ಡಲಾಗಿ ಟ್ರೆಬಲ್ ಬ್ಲೀಡ್ ಎಂಬ ಸಣ್ಣ ಕೆಪಾಸಿಟರ್ ಬೆಸುಗೆ ಹಾಕಿಸಿದರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಗಿಟಾರ್‌ನೊಳಗೆ ಅಪಾಯಕಾರಿ ವೋಲ್ಟೇಜ್ ಇರುವುದಿಲ್ಲವಾದ್ದರಿಂದ ಈ ಕೆಲಸವನ್ನು ನೀವೇ ಮಾಡಿಕೊಂಡರೂ ಭಯವಿಲ್ಲ.

ಎರಡನೆಯ ದಾರಿ ನೀವು ಈವರೆಗೆ ಮುಟ್ಟದ ಎಫೆಕ್ಟ್ಸ್ ಲೂಪ್. ನಿಮ್ಮ ತೊಂದರೆಗೆ ನಾನು ಹೆಚ್ಚು ನೆಚ್ಚುವುದು ಇದನ್ನೇ. ಲೂಪ್‌ನ ಸೆಂಡ್ ಮತ್ತು ರಿಟರ್ನ್ ಎಂಬ ಎರಡು ಜ್ಯಾಕ್‌ಗಳು ಪ್ರೀಆಂಪ್ ಮುಗಿದು ಪವರ್ ಆಂಪ್ ಆರಂಭವಾಗುವ ನಡುವಿನ ಜಾಗದಲ್ಲಿರುತ್ತವೆ. ಅಲ್ಲಿ ಸಿಗ್ನಲ್ಲನ್ನು ಏರಿಸಿದರೆ ಡಿಸ್ಟಾರ್ಷನ್, ಅಂದರೆ ಅಲೆ ಚಪ್ಪಟೆಯಾಗುವ ಕೆಲಸ, ಆಗಲೇ ಮುಗಿದಿರುವುದರಿಂದ ದನಿಯ ಸ್ವಭಾವ ಹೆಚ್ಚು ಬದಲಾಗದೆ ಜೋರು ಮಾತ್ರ ಏರುತ್ತದೆ. ಈಗಿರುವ ಬೂಸ್ಟ್ ಪೆಡಲ್ಲನ್ನೇ ಅಲ್ಲಿಗೆ ಸಾಗಿಸಬಹುದು. ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ: ಬ್ಯಾಂಡ್‌ನೊಂದಿಗೆ ನುಡಿಸುವಾಗ ಮಾಸ್ಟರನ್ನು ಐದರಿಂದ ಏಳಕ್ಕೆ ಏರಿಸಿ, ಸ್ಪಷ್ಟವಾಗಿ ಜೋರಾಗುತ್ತದೆಯೇ ಎಂದು ಗಮನಿಸಿ. ಜೋರಾದರೆ ಪವರ್ ಆಂಪ್‌ನಲ್ಲಿ ಇನ್ನೂ ಜಾಗವಿದೆ, ಲೂಪ್‌ನಲ್ಲಿಟ್ಟ ಬೂಸ್ಟ್ ಫಲ ಕೊಡುತ್ತದೆ. ಜೋರಾಗದೆ ದನಿ ಕಲಸಿದಂತಾದರೆ ಪವರ್ ಆಂಪ್ ಕೂಡ ತುಂಬಿದೆ ಎಂದರ್ಥ. ಸಣ್ಣ ವಾಲ್ವ್ ಆಂಪ್‌ಗಳಲ್ಲಿ ಇದು ಅಪರೂಪವಲ್ಲ. ನಾಬ್ ಐದರಲ್ಲಿದೆ ಎಂದರೆ ಅರ್ಧ ಶಕ್ತಿ ಬಾಕಿಯಿದೆ ಎಂದು ತಿಳಿಯುವುದು ತಪ್ಪು.

ಪವರ್ ಆಂಪ್ ತುಂಬಿದ್ದರೆ ಲೆಕ್ಕವನ್ನು ತಿರುವುಮುರುವು ಮಾಡಬೇಕು. ಮಾಸ್ಟರನ್ನು ಸೋಲೋಗೆ ಎಷ್ಟು ಬೇಕೋ ಅಷ್ಟಕ್ಕೆ ಇಟ್ಟು, ರಿದಂ ನುಡಿಸುವಾಗ ದನಿಯನ್ನು ಇಳಿಸುವ ಏರ್ಪಾಡು ಮಾಡಿಕೊಳ್ಳಬೇಕು. ಇದಕ್ಕೆಂದೇ ಲೂಪ್‌ನಲ್ಲಿಡುವ ಪುಟ್ಟ ವಾಲ್ಯೂಮ್ ಬಾಕ್ಸ್ ಸಿಗುತ್ತದೆ: ಒಳಗೆ ಒಂದು ಪಾಟ್, ಒಂದು ಫುಟ್‌ಸ್ವಿಚ್, ಅಷ್ಟೇ. ಬ್ಯಾಟರಿ ಬೇಕಿಲ್ಲ, ತನ್ನದೇ ಸದ್ದನ್ನು ಸೇರಿಸುವುದಿಲ್ಲ. ರಿದಂ ನುಡಿಸುವಾಗ ಅದು ದಾರಿಯಲ್ಲಿದ್ದು ನಾಲ್ಕೈದು ಡೆಸಿಬಲ್ ಕಡಿತ ಮಾಡುತ್ತದೆ, ಸೋಲೋಗೆ ಒತ್ತಿದಾಗ ಪಕ್ಕಕ್ಕೆ ಸರಿಯುತ್ತದೆ. ಸೋಲೋ ಎಂದರೆ ಏರಿಸುವುದು ಎಂದೇ ಅಭ್ಯಾಸವಾಗಿರುವವರಿಗೆ ಇಳಿಸುವ ಪೆಟ್ಟಿಗೆ ಕೊಳ್ಳುವ ಮಾತು ವಿಚಿತ್ರವೆನ್ನಿಸುತ್ತದೆ, ಆದರೆ 20 ವಾಟ್‌ನ ಆಂಪ್ ಇರುವವರಿಗೆ ಇದಕ್ಕಿಂತ ನಂಬಿಕೆಯ ಉಪಾಯ ನನಗೆ ಗೊತ್ತಿಲ್ಲ.

ಲೂಪ್ ಬಳಸುವಾಗ ಎಚ್ಚರ ವಹಿಸಬೇಕಾದದ್ದು ಎರಡು ಕಡೆ. ನಿಮ್ಮ ಲೂಪ್ ಸೀರೀಸ್ ಮಾದರಿಯದೋ ಪ್ಯಾರಲಲ್ ಮಾದರಿಯದೋ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಪ್ಯಾರಲಲ್ ಲೂಪ್‌ನಲ್ಲಿ ಮೂಲ ಸಿಗ್ನಲ್ ಬೇರೆ ದಾರಿಯಲ್ಲೂ ಹರಿಯುತ್ತಿರುವುದರಿಂದ ವಾಲ್ಯೂಮ್ ಬಾಕ್ಸ್ ಅದನ್ನು ಪೂರ್ತಿಯಾಗಿ ಹಿಡಿಯಲಾರದು; ಮಿಕ್ಸ್ ನಾಬ್ ಇದ್ದರೆ ಅದನ್ನು ನೂರಕ್ಕೆ ನೂರು ಎಫೆಕ್ಟ್ ಕಡೆಗೆ ತಿರುಗಿಸಿ. ಇನ್ನೊಂದು, ಕೆಲವು ಲೂಪ್‌ಗಳ ಸಿಗ್ನಲ್ ಗಿಟಾರ್‌ನದಕ್ಕಿಂತ ಬಹಳ ದೊಡ್ಡದಾಗಿರುತ್ತದೆ, ಮತ್ತು 9 ವೋಲ್ಟ್‌ನ ಪೆಡಲ್ ಅದನ್ನು ತಡೆಯಲಾರದೆ ತಾನೇ ಕರ್ಕಶವಾಗುತ್ತದೆ. ಲೂಪ್ ಮಟ್ಟದ ಸ್ವಿಚ್ ಇದ್ದರೆ ಕಡಿಮೆಗೆ ಹಾಕಿ. 18 ವೋಲ್ಟ್ ಕೊಟ್ಟರೆ ಸರಿಹೋಗುತ್ತದೆಂಬ ಮಾತು ಕೇಳಿರಬಹುದು. ಪೆಡಲ್‌ನ ಮೇಲೋ ಕೈಪಿಡಿಯಲ್ಲೋ 18 ವೋಲ್ಟ್ ತಾಳುತ್ತದೆಂದು ಬರೆದಿದ್ದರೆ ಮಾತ್ರ ಅದಕ್ಕೆ ಕೈಹಾಕಿ, ಇಲ್ಲದಿದ್ದರೆ ಪೆಡಲ್ ಸುಟ್ಟುಹೋಗಬಹುದು.

ಈಗ ಎರಡನೆಯ ತೊಂದರೆಗೆ, ಅಂದರೆ ಮನೆಯಲ್ಲಿ ಚೆಂದ ಕೇಳಿದ್ದು ಬ್ಯಾಂಡ್‌ನಲ್ಲಿ ಮಾಯವಾಗುವುದಕ್ಕೆ ಬರುತ್ತೇನೆ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿ ಮಂದ್ರದ ಸ್ವರಗಳನ್ನೂ ತೀರಾ ಮೇಲಿನ ಸ್ವರಗಳನ್ನೂ ಮಧ್ಯದವುಗಳಷ್ಟು ಚೆನ್ನಾಗಿ ಹಿಡಿಯುವುದಿಲ್ಲವೆಂಬುದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಮನೆಯಲ್ಲಿ ಮೆಲ್ಲಗೆ ನುಡಿಸುವಾಗ ನಮಗೆ ಅರಿವಿಲ್ಲದೆಯೇ ಬೇಸ್ ಮತ್ತು ಟ್ರೆಬಲ್ ನಾಬ್‌ಗಳನ್ನು ಏರಿಸಿ ಮಿಡ್ ಇಳಿಸುತ್ತೇವೆ. ದನಿ ತುಂಬಿಕೊಂಡಂತೆ ಕೇಳುತ್ತದೆ. ಅದೇ ನಾಬ್‌ಗಳನ್ನು ಹಾಗೆಯೇ ಇಟ್ಟು ರಿಹರ್ಸಲ್‌ಗೆ ಬಂದಾಗ ನಿಮ್ಮ ಮಂದ್ರ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನ ಅಡಿ ಸಿಕ್ಕಿಕೊಳ್ಳುತ್ತದೆ, ಟ್ರೆಬಲ್ ಸಿಂಬಲ್‌ಗಳ ಅಡಿ ಸಿಕ್ಕಿಕೊಳ್ಳುತ್ತದೆ, ಮಧ್ಯದಲ್ಲಿ ನೀವೇ ಏನನ್ನೂ ಉಳಿಸಿಕೊಂಡಿರುವುದಿಲ್ಲ.

ಗಿಟಾರ್‌ನ ಜಾಗ ಇರುವುದೇ ಮಧ್ಯದಲ್ಲಿ. ತೆರೆದ ದಪ್ಪ ತಂತಿಯ ಮೂಲ ಸ್ವರ ಸುಮಾರು 82 ಹರ್ಟ್ಸ್, ತೆಳು ತಂತಿಯ 22ನೇ ಫ್ರೆಟ್‌ನದು ಸುಮಾರು 1175 ಹರ್ಟ್ಸ್. ಗಿಟಾರ್‌ಗೆಂದು ಮಾಡಿದ ಸ್ಪೀಕರ್‌ಗಳು 5000 ಹರ್ಟ್ಸ್ ದಾಟಿದ ಮೇಲೆ ಬೇಗನೆ ಸೊರಗುತ್ತವೆ. ಹೀಗಿರುವಾಗ ಸೋಲೋಗೆ 800ರಿಂದ 1600 ಹರ್ಟ್ಸ್‌ನ ಆಸುಪಾಸಿನಲ್ಲಿ ನಾಲ್ಕು ಡೆಸಿಬಲ್ ಸೇರಿಸಿದರೆ, ಎಲ್ಲ ಸ್ವರಗಳನ್ನೂ ಏರಿಸದೆಯೇ ಅದು ಎದ್ದು ಕೇಳುತ್ತದೆ. ಬಾಸ್ ಜಿಇ-7ರಂಥ ಏಳು ಪಟ್ಟಿಗಳ ಈಕ್ವಲೈಜರ್ ಪೆಡಲ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನು ಲೂಪ್‌ನಲ್ಲಿಟ್ಟು 800ರ ಪಟ್ಟಿಯನ್ನು ನಾಲ್ಕೈದು ಡೆಸಿಬಲ್, 1600ರದನ್ನು ಮೂರು ಡೆಸಿಬಲ್ ಮೇಲೆತ್ತಿ, 100ರದನ್ನು ಸ್ವಲ್ಪ ಕೆಳಗಿಳಿಸಿ, ಕೊನೆಯ ಲೆವೆಲ್ ಪಟ್ಟಿಯನ್ನು ಎರಡು ಮೂರು ಡೆಸಿಬಲ್ ಏರಿಸಿ ನೋಡಿ. ಒಬ್ಬರೇ ಕೇಳುವಾಗ ಆ ದನಿ ಮೂಗಿನಿಂದ ಬಂದಂತಿದೆ ಎನ್ನಿಸಿ ಕೈ ಹಿಂದೆಗೆಯಬಹುದು. ಹಿಂದೆಗೆಯಬೇಡಿ, ಅದನ್ನು ಡ್ರಮ್ಸ್ ಜೊತೆ ಕೇಳಿಯೇ ತೀರ್ಮಾನಿಸಬೇಕು.

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಪ್ರೀಆಂಪ್ ಮುಂದಿಟ್ಟ ಪೆಡಲ್‌ನಿಂದ ಜೋರಾಗುವುದಿಲ್ಲವೆಂದಾದರೆ, ಗೇನ್ ಹೆಚ್ಚಿರುವ ಆಂಪ್‌ನ ಮುಂದೆಯೂ ಐಬನೆಜ್ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್ ಇಟ್ಟು ಸೋಲೋ ನುಡಿಸುವವರು ಅಷ್ಟೊಂದು ಜನ ಏಕಿದ್ದಾರೆ? ಅವರು ಒರಟುತನ ಹೆಚ್ಚಿಸುವ ಡ್ರೈವ್ ನಾಬನ್ನು ಬಹುತೇಕ ಸೊನ್ನೆಗಿಟ್ಟು ಲೆವೆಲ್ ಏರಿಸಿರುತ್ತಾರೆ. ಆ ಪೆಡಲ್ ಮಂದ್ರವನ್ನು ಸೋಸಿ, ಸುಮಾರು 720 ಹರ್ಟ್ಸ್‌ನ ಸುತ್ತಲಿನ ಭಾಗವನ್ನು ಉಬ್ಬಿಸಿ ಕಳಿಸುತ್ತದೆ. ಅಳೆದರೆ ಜೋರು ಹೆಚ್ಚೇನೂ ಏರಿರುವುದಿಲ್ಲ. ದನಿಯ ಆಕಾರ ಬದಲಾಗಿ ಬ್ಯಾಂಡ್‌ನ ನಡುವೆ ಅದಕ್ಕೆ ದಾರಿ ಸಿಕ್ಕಿರುತ್ತದೆ. 1960ರ ದಶಕದ ಟ್ರೆಬಲ್ ಬೂಸ್ಟರ್‌ಗಳ ಗುಟ್ಟೂ ಬಹುಮಟ್ಟಿಗೆ ಇದೇ. ಕ್ವೀನ್ ಬ್ಯಾಂಡ್‌ನ ಬ್ರಿಯಾನ್ ಮೇ ಅವರ ಗಿಟಾರ್ ವಾಕ್ಸ್ ಎಸಿ30 ಆಂಪ್ ಮುಟ್ಟುವ ಮೊದಲು ಹಾದುಹೋಗುವುದು ಅಂಥದೊಂದು ಬೂಸ್ಟರ್‌ನ ಮೂಲಕವೇ. ನಿಮ್ಮ ಪೆಡಲ್ ಎಲ್ಲ ಸ್ವರಗಳನ್ನೂ ಸಮನಾಗಿ ಏರಿಸುವ ಬಗೆಯದಾಗಿದ್ದರೆ ಅದರಿಂದ ಈ ಲಾಭ ಸಿಗುವುದಿಲ್ಲ.

ಎರಡನೇ ಗಿಟಾರ್ ಬಗ್ಗೆ ನೀವು ಒಂದೇ ಮಾತು ಬರೆದಿದ್ದೀರಿ, ಆದರೆ ನನ್ನ ಗಮನ ಹೆಚ್ಚು ಹರಿದದ್ದು ಅಲ್ಲಿಗೇ. ಎರಡು ಗಿಟಾರ್‌ಗಳು ಒಂದೇ ಬಗೆಯ ಡಿಸ್ಟಾರ್ಷನ್‌ನಲ್ಲಿ, ಒಂದೇ ಎತ್ತರದಲ್ಲಿ ನುಡಿದಾಗ ಒಂದರ ದನಿ ಇನ್ನೊಂದನ್ನು ಮುಚ್ಚುತ್ತದೆ, ಆಗ ಎಷ್ಟು ಬೂಸ್ಟ್ ಕೊಟ್ಟರೂ ಸಾಲದು. ನಿಮ್ಮ ಸೋಲೋ ಬಂದಾಗ ನಿಮ್ಮ ಗೆಳೆಯರು ತಮ್ಮ ಗಿಟಾರ್‌ನ ನಾಬನ್ನು ಎರಡು ಅಂಕ ಇಳಿಸಿದರೆ, ಅಥವಾ ಆರು ತಂತಿಯ ಕಾರ್ಡ್ ಬಿಟ್ಟು ಮಂದ್ರದ ಎರಡು ಮೂರು ದಪ್ಪ ತಂತಿಗಳಲ್ಲಿ ಮಾತ್ರ ನುಡಿಸಿದರೆ, ನಿಮಗೆ ಪುಕ್ಕಟೆಯಾಗಿ ಮೂರು ಡೆಸಿಬಲ್ ಸಿಕ್ಕಷ್ಟು ಅನುಕೂಲವಾಗುತ್ತದೆ. ಅವರ ಸೋಲೋಗೆ ನೀವೂ ಹಾಗೆಯೇ ಮಾಡಿ. ಕೇಳಲು ಮುಜುಗರವೆನ್ನಿಸಬಹುದು, ಆದರೆ ಚೆನ್ನಾಗಿ ಕೇಳಿಬರುವ ಬ್ಯಾಂಡ್‌ಗಳೆಲ್ಲ ಇದನ್ನು ಮಾತಾಡಿಯೇ ಇತ್ಯರ್ಥ ಮಾಡಿಕೊಂಡಿರುತ್ತವೆ.

ಆಂಪ್ ನೆಲದ ಮೇಲಿದ್ದು ನಿಮ್ಮ ಮೊಣಕಾಲಿಗೆ ಹಾಡುತ್ತಿದ್ದರೆ ಅದನ್ನು ಕುರ್ಚಿಯ ಎತ್ತರಕ್ಕೆ ಏರಿಸಿ, ಅಥವಾ ಹಿಂದಕ್ಕೆ ಒರಗಿಸಿ. ಸ್ಪೀಕರ್‌ನಿಂದ ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುತ್ತವೆ; ಅವು ನಿಮ್ಮ ಕಿವಿಗೆ ತಲುಪದಿದ್ದಾಗ ನೀವು ಟ್ರೆಬಲ್ ಏರಿಸುತ್ತೀರಿ, ಎದುರಿಗಿರುವವರು ಕಿವಿ ಮುಚ್ಚಿಕೊಳ್ಳುತ್ತಾರೆ.

ವಾಲ್ವ್ ಬದಲಿಸುವ ಸಲಹೆಯಲ್ಲಿ ಅರ್ಧ ಮಾತ್ರ ಹುರುಳಿದೆ. ಗಿಟಾರ್ ಆಂಪ್‌ಗಳ ಪ್ರೀಆಂಪ್‌ನಲ್ಲಿ ಸಾಮಾನ್ಯವಾಗಿರುವುದು 12ಎಎಕ್ಸ್7; ಅದರ ವರ್ಧನಾಂಕ 100. ಅದರ ಜಾಗದಲ್ಲಿ ಕೂರುವ 5751ರದು 70, 12ಎಟಿ7ರದು 60. ಅಂದರೆ ಬದಲಿಸಿದರೆ ಗೇನ್ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಪವರ್ ವಾಲ್ವ್‌ಗಳು ಸವೆದಿದ್ದರೆ ಹೊಸವು ಹಳೆಯ ಶಕ್ತಿಯನ್ನು ಮರಳಿ ತರುತ್ತವೆ, ಅದಕ್ಕಿಂತ ಹೆಚ್ಚಿನದನ್ನಲ್ಲ. ಫಿಕ್ಸೆಡ್ ಬಯಾಸ್ ಇರುವ ಆಂಪ್‌ನಲ್ಲಿ ಅವನ್ನು ಬದಲಿಸಿದಾಗ ಬಯಾಸ್ (ಸಿಗ್ನಲ್ ಇಲ್ಲದಾಗ ವಾಲ್ವ್‌ನಲ್ಲಿ ಹರಿಯುವ ಕರೆಂಟ್) ಹೊಂದಿಸುವ ಕೆಲಸವನ್ನು ಬಲ್ಲವರಿಂದಲೇ ಮಾಡಿಸಬೇಕು.

ರೆಸಿಸ್ಟರ್ ಬದಲಿಸುವ ಮಾತನ್ನು ಮಾತ್ರ ದಯವಿಟ್ಟು ಒಪ್ಪಿಕೊಳ್ಳಬೇಡಿ. ಆಂಪ್ ಬಿಚ್ಚಿ ಮಾಡುವ ಇಂಥ ಬದಲಾವಣೆಗಳು ಸಾಮಾನ್ಯವಾಗಿ ಏರಿಸುವುದು ಪ್ರೀಆಂಪ್‌ನ ಗೇನನ್ನು, ಅದು ನಿಮ್ಮಲ್ಲಿ ಈಗಲೇ ಹೆಚ್ಚಾಗಿದೆ. ಅದಕ್ಕಿಂತ ಮುಖ್ಯವಾಗಿ, ವಾಲ್ವ್ ಆಂಪ್‌ನ ಒಳಗೆ 300 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಅವನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಅಳೆದು ಖಚಿತಪಡಿಸಿಕೊಳ್ಳದೆ ನಾನು ಇಂದಿಗೂ ಒಳಗೆ ಕೈಯಿಡುವುದಿಲ್ಲ. ಇದು ಜೀವ ತೆಗೆಯಬಲ್ಲ ವಿದ್ಯುತ್ತು. ಹಾಗೆಯೇ ಸ್ಪೀಕರ್ ಜೋಡಿಸದೆ ವಾಲ್ವ್ ಆಂಪನ್ನು ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.

ಕೂಗಿನ ವಿಷಯ ಉಳಿಯಿತು. ಗೇನ್ ಇಳಿಸಿದರೆ ಅದು ಬಹುಶಃ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಇನ್‌ಪುಟ್‌ನಿಂದ ಕೇಬಲ್ ಕಿತ್ತು ನೋಡಿ. ಕಿತ್ತಾಗ ಕೂಗು ನಿಂತರೆ ಅದು ಗಿಟಾರ್‌ನ ಪಿಕಪ್‌ನದೋ ಪೆಡಲ್‌ನದೋ. ಕಿತ್ತರೂ ಕೂಗುತ್ತಿದ್ದರೆ ಬಹುಶಃ ಪ್ರೀಆಂಪ್ ವಾಲ್ವ್ ಒಂದು ಮೈಕ್ರೊಫೋನಿಕ್ ಆಗಿದೆ, ಅಂದರೆ ಅಲುಗಾಟವನ್ನು ಮೈಕ್‌ನಂತೆ ಹಿಡಿದು ಸದ್ದಾಗಿಸುತ್ತಿದೆ. ವಾಲ್ವ್‌ಗಳು ಹಿಂಬದಿಯಿಂದ ಕೈಗೆಟಕುವಂತಿದ್ದರೆ, ಆಂಪ್ ಚಾಲೂ ಇರುವಾಗ ಮರದ ಪೆನ್ಸಿಲ್‌ನ ರಬ್ಬರ್ ಇರುವ ತುದಿಯಿಂದ ಒಂದೊಂದನ್ನೂ ಮೆತ್ತಗೆ ತಟ್ಟಿ. ಕೆಟ್ಟಿರುವುದು ಸ್ಪೀಕರ್‌ನಲ್ಲಿ ಗಂಟೆಯಂತೆ ಝಣ್ ಎನ್ನುತ್ತದೆ. ಗಾಜು ಕಾದಿರುತ್ತದೆ, ಬೆರಳು ತಾಗಿಸಬೇಡಿ.

ಮುಂದಿನ ರಿಹರ್ಸಲ್‌ನಲ್ಲಿ ಏನನ್ನೂ ಕೊಳ್ಳದೆ ಹೀಗೆ ಮಾಡಿ ನೋಡಿ. ಗೇನನ್ನು ಐದಕ್ಕಿಳಿಸಿ, ಬೇಸ್ ಸ್ವಲ್ಪ ತಗ್ಗಿಸಿ, ಮಿಡ್ ಏರಿಸಿ. ಮೊದಲು ಸೋಲೋ ನುಡಿಸಿಯೇ ಮಾಸ್ಟರ್ ಎಲ್ಲಿರಬೇಕೆಂದು ಗುರುತಿಸಿ, ಆಮೇಲೆ ಗಿಟಾರ್‌ನ ನಾಬ್ ಇಳಿಸುತ್ತ ರಿದಂನ ಮಟ್ಟವನ್ನು ಹುಡುಕಿ. ಸೋಲೋ ರಿದಂಗಿಂತ ಮೂರರಿಂದ ಆರು ಡೆಸಿಬಲ್ ಮೇಲಿದ್ದರೆ ಸಾಕು. ಅದನ್ನು ಮೀರಿದರೆ ಕಾರ್ಯಕ್ರಮದಲ್ಲಿ ಸೌಂಡ್ ಎಂಜಿನಿಯರ್ ನಿಮ್ಮ ಫೇಡರ್ ಇಳಿಸಿಬಿಡುತ್ತಾರೆ, ಆದ್ದರಿಂದ ಬೂಸ್ಟ್ ನಿಮ್ಮ ಕಡೆಯಿಂದಲೇ ಬರುತ್ತದೆಂದು ಅವರಿಗೆ ಮೊದಲೇ ತಿಳಿಸಿ. ಫೋನನ್ನು ಕೇಳುಗರು ನಿಲ್ಲುವ ಜಾಗದಲ್ಲಿಟ್ಟು ರೆಕಾರ್ಡ್ ಮಾಡಿ ಕೇಳಿ. ಇಯರ್‌ಪ್ಲಗ್ ಹಾಕಿಕೊಳ್ಳಿ: ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದಾದರೆ 100 ಡೆಸಿಬಲ್‌ನಲ್ಲಿ ಕಾಲು ಗಂಟೆ ಮಾತ್ರ, ಮತ್ತು ಡ್ರಮ್ಸ್ ಇರುವ ಸಣ್ಣ ಕೋಣೆ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಇಷ್ಟೆಲ್ಲ ಮಾಡಿ, ಎರಡನೇ ಗಿಟಾರ್ ಕೂಡ ತಗ್ಗಿದ ಮೇಲೂ ಮಾಸ್ಟರ್ ತುದಿ ಮುಟ್ಟಿ ಸೋಲೋ ಡ್ರಮ್ಸ್‌ನ ಕೆಳಗೇ ಉಳಿಯಿತೆಂದರೆ ಆಗ ನಿಮ್ಮ ಆಂಪ್‌ಗೆ ನಿಜವಾಗಿಯೂ ಶಕ್ತಿ ಸಾಲುತ್ತಿಲ್ಲ, ಮತ್ತು 50 ವಾಟ್‌ನ ಸಲಹೆ ಕೊಟ್ಟವರ ಮಾತನ್ನು ಆಗ ಕೇಳಬಹುದು.